ಮರಳುಗಾಡಿನಲ್ಲಿ ಕಾಂಪೌಂಡು

ಅಡವಯ್ಯನವರಿಗೆ ಮಠ ಇರಲಿಲ್ಲ. ಒಂದು ಹಳೆಯ ಬಸ್ಸಿತ್ತು.

ಸೀಟುಗಳನ್ನು ಕಿತ್ತುಹಾಕಿ ಒಳಗೆ ಎರಡು ಮಂಚ, ಒಂದು ಒಲೆ, ನೀರಿನ ಡ್ರಮ್ಮು ಇಟ್ಟುಕೊಂಡಿದ್ದರು. ಬಸ್ಸು ನಿಂತಲ್ಲೇ ಮಠ. ಸರ್ಕಾರಿ ಬಯಲು ಕಂಡರೆ ನಿಲ್ಲಿಸುವುದು, ಮನಸ್ಸು ಬಂದಾಗ ಹೊರಡುವುದು. ಹೊರಡುವ ಮುಂಚೆ ಒಲೆಯ ಬೂದಿ ಹೂತು, ನಿಂತ ಗುರುತು ಉಳಿಯದ ಹಾಗೆ ಕಸಬರಿಗೆ ಆಡಿಸುವುದು. ಇಷ್ಟೇ ಅವರ ಕಟ್ಟಳೆ.

ಕಸಬರಿಗೆ ಶಿಷ್ಯ ಚನ್ನವೀರನ ಪಾಲಿಗೆ. ಸ್ಟೇರಿಂಗೂ ಅವನದೇ. ಹೊಲ, ಮನೆ ಎಲ್ಲ ಬಿಟ್ಟು ಗುರುಗಳ ಹಿಂದೆ ಬಂದವನು.

ಆ ವರ್ಷ ಇಬ್ಬರೂ ಉತ್ತರದ ಮರಳುಗಾಡಿಗೆ ಹೋದರು. ಗುರುಗಳ ಎದೆ ಸರಿಯಿರಲಿಲ್ಲ. ದಾರಿಯಲ್ಲಿ ತೋರಿಸಿದ ಡಾಕ್ಟರು, "ಮಧ್ಯಾಹ್ನದ ಬಿಸಿಲಿಗೆ ಇವರನ್ನು ಬಿಡಬೇಡಿ, ಜೀವಕ್ಕೇ ಅಪಾಯ" ಎಂದು ಹೇಳಿ ಕಳಿಸಿದ್ದರು. ಅಂದಿನಿಂದ ಚನ್ನವೀರನಿಗೆ ನೆರಳಿನದೇ ಚಿಂತೆ.

ಮರಳುಗಾಡಿನಲ್ಲಿ ನೆರಳು ಎಲ್ಲಿ ಸಿಗಬೇಕು! ಹುಡುಕಿ ಹುಡುಕಿ ಕಡೆಗೆ ಒಂದು ಬನ್ನಿಮರ ಸಿಕ್ಕಿತು. ಸುತ್ತ ಕಣ್ಣು ಹಾಯುವಷ್ಟು ದೂರ ಇನ್ನೊಂದು ಮರವಿಲ್ಲ. ಅದರ ನೆರಳು ಒಂದು ಗಾಡಿಗೆ ಸಾಕು, ಎರಡನೆಯದಕ್ಕೆ ಸಾಲದು.

ಚನ್ನವೀರ ಅಲ್ಲಿ ಬಸ್ಸು ನಿಲ್ಲಿಸಿದ. ಮರುದಿನ ಕಲ್ಲು ಆರಿಸಿ ತಂದು ಸುತ್ತಲೂ ಸಾಲಾಗಿ ಜೋಡಿಸಿದ. ಅಷ್ಟಕ್ಕೇ ಬಿಡದೆ, ಕುಡಿಯುವ ನೀರು ಚಿಮುಕಿಸಿ, ಬಾಗಿಲ ಮುಂದೆ ಗೋಧಿಹಿಟ್ಟಿನಲ್ಲಿ ರಂಗೋಲಿ ಎಳೆದ. ಸನ್ಯಾಸಿಯ ಬಸ್ಸಿಗೆ ರಂಗೋಲಿ! ಯಾರಿಗೆ ತೋರಿಸಲಿಕ್ಕೋ ಅವನಿಗೇ ಗೊತ್ತು.

ಗುರುಗಳು ಕಿಟಕಿಯಿಂದ ಇಣುಕಿದರು. "ಏನಪಾ, ಕಾಂಪೌಂಡು ಕಟ್ಟಾಕತ್ತೀಯೇನು?"

"ಚೊಕ್ಕ ಕಾಣತೈತ್ರಿ ಅಪ್ಪಾರ, ಅದಕ್ಕ."

"ಗೇಟು ಯಾವಾಗ ಹಚ್ಚಾಂವ?"

ಚನ್ನವೀರ ನಕ್ಕ. ಗುರುಗಳೂ ನಕ್ಕರು.

ಒಂದು ಮಧ್ಯಾಹ್ನ ಗುರುಗಳು ನಿದ್ದೆಯಲ್ಲಿದ್ದಾಗ ಒಂದು ಟೆಂಪೊ ಬಂದು ಕಲ್ಲಿನ ಸಾಲಿನಾಚೆ ನಿಂತಿತು. ಅದರಿಂದ ಇಳಿದವನ ಹೆಸರು ಮೂಲಾರಾಮ. ಊರೂರು ತಿರುಗಿ ಕಂಬಳಿ ಮಾರುವವನು. ಅವನ ಅಂಗಡಿ, ಮನೆ ಎರಡೂ ಆ ಟೆಂಪೊವೇ.

"ಸ್ವಾಮಿ, ದೂರದಿಂದ ಬಂದಿದ್ದೇವೆ," ಎಂದು ಹಿಂದಿಯಲ್ಲಿ ಹೇಳಿದ. "ಹೊತ್ತು ಇಳಿಯುವ ತನಕ ಸ್ವಲ್ಪ ನೆರಳು ಕೊಡಿ. ಹಿಂದುಗಡೆ ನಮ್ಮ ಮನೆಯವಳು..."

ಚನ್ನವೀರ ಅವನ ಮಾತು ಮುಗಿಯಲು ಬಿಡಲಿಲ್ಲ. "ಆಗುವುದಿಲ್ಲ," ಎಂದ, ತನ್ನ ಅರೆಬರೆ ಹಿಂದಿಯಲ್ಲಿ. "ಇದು ನಮ್ಮ ಗುರುಗಳ ಜಾಗ. ಕಲ್ಲು ಕಾಣುವುದಿಲ್ಲವೇ?"

ಮೂಲಾರಾಮ ಕಲ್ಲು ನೋಡಿದ, ಮರ ನೋಡಿದ. ಟೆಂಪೊ ತಿರುಗಿಸಿಕೊಂಡು ಹೋದ.

ಸದ್ದಿಗೆ ಗುರುಗಳಿಗೆ ಎಚ್ಚರವಾಯಿತು. "ಯಾರು ಬಂದಿದ್ರು?"

"ಯಾರೋ ಕಂಬಳಿ ಮಾರಾಂವ್ರಿ. ಇದು ಅಪ್ಪಾರ ಜಾಗ ಅಂತ ಹೇಳಿ ಕಳಿಸಿದೆ."

ಗುರುಗಳು ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಸ್ಸಿಳಿದರು. ಕಲ್ಲಿನ ಸಾಲು ದಾಟಿ, ಉರಿಬಿಸಿಲಲ್ಲಿ ಚಾಪೆ ಹಾಸಿ ಕುಳಿತರು.

ಚನ್ನವೀರ ಹಿಂದೆಯೇ ಓಡಿ ಬಂದ. "ಅಪ್ಪಾರ! ಇದೇನ್ ಮಾಡಾಕತ್ತೀರಿ? ಒಳಗ ಬರ್ರಿ!"

ಗುರುಗಳು ಅವನಿಗೆ ಕೈ ಮುಗಿದರು. "ಒಡೆಯರ ಅಪ್ಪಣೆ ಆದರ ಬರತೀನ್ರಿ."

"ಯಾವ ಒಡೆಯರು? ಜಾಗ ನಿಮ್ಮದ್ರಿ!"

"ನನಗ ಯಾರು ಕೊಟ್ರು?"

"ನಾನ..." ಎಂದು ಬಾಯಿ ಬಿಟ್ಟವನು ಅಲ್ಲೇ ನಿಲ್ಲಿಸಿದ.

"ನಿನಗ ಯಾರು ಕೊಟ್ರು?"

"ಯಾರೂ ಇಲ್ರಿ. ಇದು ಎಲ್ಲಾರದೂ."

"ಹಂಗಾದ್ರ ಎಲ್ಲಾರನೂ ಕರಕೊಂಡ್ ಬಾ. ಅಲ್ಲೀತನಕ ನಾ ಇಲ್ಲೇ ಇರತೀನಿ."

ಚನ್ನವೀರ ಗಾಲಿಯ ಗುರುತು ಹಿಡಿದು ಓಡಿದ. ಮರಳಿಗೆ ಅಂಗಾಲು ಸುಡುತ್ತಿತ್ತು. ಗುರುಗಳು ಇನ್ನೂ ಕುಳಿತಿದ್ದಾರೋ, ಬಿದ್ದರೋ ಎಂದು ತಿರುತಿರುಗಿ ನೋಡಿದ.

ದಿಬ್ಬದಾಚೆ ಟೆಂಪೊ ನಿಂತಿತ್ತು. ಅದರ ಅಡಿಯಲ್ಲಿ, ಗಾಲಿಗಳ ನಡುವೆ, ಒಬ್ಬ ಬಾಣಂತಿ ಕೂಸನ್ನು ಅವಚಿಕೊಂಡು ಮಲಗಿದ್ದಳು. ಕೂಸಿಗೆ ಅಳುವ ಶಕ್ತಿಯೂ ಇರಲಿಲ್ಲ. ಮೂಲಾರಾಮ ಒದ್ದೆ ಬಟ್ಟೆಯಿಂದ ಅದರ ತಲೆ ಒರೆಸುತ್ತಿದ್ದ.

ಹಿಂದುಗಡೆ ಯಾರಿದ್ದಾರೆಂದು ಚನ್ನವೀರ ನೋಡಿಯೇ ಇರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಡೀರಿ, ಮರದ ಕೆಳಗೆ ಹೋಗೋಣ."

"ಗುರುಗಳ ಜಾಗ ಅಂದಿರಲ್ಲ?"

"ಅವರದಲ್ಲ. ನಾನು ಸುಳ್ಳು ಹೇಳಿದೆ. ಬೇಗ ನಡೀರಿ, ಅವರು ಬಿಸಿಲಲ್ಲಿ ಕೂತಿದ್ದಾರೆ."

ಟೆಂಪೊ ಬಂತು. ಚನ್ನವೀರ ಕಾಲಿನಿಂದಲೇ ಕಲ್ಲು ಸರಿಸಿ, ಬಸ್ಸನ್ನು ಬಯಲಿಗೆ ತೆಗೆದ. ಟೆಂಪೊ ಮರದ ಕೆಳಗೆ ನಿಂತಿತು. ಡ್ರಮ್ಮಿನಲ್ಲಿದ್ದ ಅರ್ಧ ನೀರು ಅವರಿಗೆ ಕೊಟ್ಟ. ಸ್ವಲ್ಪ ಹೊತ್ತಿಗೆ ಕೂಸು ಅತ್ತಿತು. ಆ ದನಿ ಕೇಳಿ ಅವನಿಗೂ ಅಳು ಬಂತು.

ಗುರುಗಳನ್ನು ಎಬ್ಬಿಸಲು ಹೋದ. ಅವರ ತುಟಿ ಒಣಗಿ ಕಪ್ಪಿಟ್ಟಿತ್ತು.

"ಅಪ್ಪಾರ, ನೀವೂ ಮರದ ಕೆಳಗ ಕುಂದರ್ರಿ. ಒಬ್ಬರಿಗೆ ಜಾಗ ಐತಿ."

"ಬಾಣಂತಿ ಕೂಸಿಗೆ ಹಾಲು ಕುಡಸಾಕತ್ತಾಳ. ಮುದುಕ ಎದುರಿಗೆ ಹೋಗಿ ಕುಂತ್ರ ಹೆಂಗಪಾ? ನಡಿ, ಬಸ್ಸಿನಾಗ ಮಲಗೂಣು."

ಬಸ್ಸಿನ ತಗಡು ಕಾದು ಕೆಂಡವಾಗಿತ್ತು. ಚನ್ನವೀರ ತನ್ನ ಧೋತರ ನೀರಿನಲ್ಲಿ ಅದ್ದಿ ಗುರುಗಳ ಎದೆಯ ಮೇಲೆ ಹಾಸಿದ. ಒಣಗಿತು, ಮತ್ತೆ ಅದ್ದಿದ. ಗುರುಗಳು ಏದುಸಿರು ಬಿಡುತ್ತಿದ್ದರು.

ಅವನಿಗೆ ತಡೆಯಲಾಗಲಿಲ್ಲ. "ನಿಮಗೇನರೆ ಆದ್ರ ನಾ ಏನ್ ಮಾಡಲ್ರಿ? ಆ ಕಲ್ಲು ನಾ ನಿಮ್ಮ ಸಲುವಾಗೇ ಅಲ್ಲೇನ್ರಿ ಇಟ್ಟಿದ್ದು?"

ಗುರುಗಳು ಕಣ್ಣು ಮುಚ್ಚಿಕೊಂಡೇ ಅವನ ತಲೆಯ ಮೇಲೆ ಕೈಯಿಟ್ಟರು.

"ನೀನೂ ಮಲಕ್ಕೋ, ಚನ್ನವೀರ. ಈ ಬಿಸಿಲಾಗ ಪಾಲು ಕೇಳಾಕ ಯಾರೂ ಬರಂಗಿಲ್ಲ."