ಗೋಡೆಗೆ ತೂಗುಹಾಕಿದ ವರದಿ

ಶಾಲೆಯ ಸ್ಥಿತಿಗತಿ ನೋಡಲು ಬರುವ ಸಾಹೇಬರು ಎರಡು ದಿನ ಮೊದಲೇ ಫೋನಿನಲ್ಲಿ ಗದರಿದರು: "ಫೋಟೋ ಮೇಲಕ್ಕೆ ಹೋಗುತ್ತೆ. ಒಂದು ಬಿರುಕೂ ಕಾಣಬಾರದು!"

ಮೇಷ್ಟ್ರು ಬೆವರಿದರು. ಬಿರುಕು ಮುಚ್ಚುವ ಕೆಲಸ ಎಂದಿನಂತೆ ಬಿಸಿಯೂಟದ ಪುಟ್ಟಸಿದ್ದಮ್ಮನ ಪಾಲಿಗೆ ಬಂತು. ಪ್ರತಿ ವರ್ಷ ಆಕೆ ಅಲ್ಲಿ ಭೂಪಟ ತೂಗುಹಾಕುತ್ತಿದ್ದಳು. ಈ ಸಲ ಆಕೆಗೆ ರೇಗಿತು. ಮೇಷ್ಟ್ರ ಬೀರುವಿನಿಂದ ಹಳೆಯದೊಂದು ಕಾಗದ ತೆಗೆದು, ದೊಡ್ಡ ಗಾಜಿನ ಕಟ್ಟು ಹಾಕಿಸಿ ಬಿರುಕಿನ ಮೇಲೆ ತೂಗುಹಾಕಿದಳು.

ಸಾಹೇಬರು ಬಂದು ಓದಿದರು. "ಕಟ್ಟಡ ಸುಸ್ಥಿತಿಯಲ್ಲಿದೆ." ನಾಲ್ಕು ವರ್ಷದ ಹಿಂದಿನ ವರದಿ, ಕೆಳಗೆ ತಮ್ಮದೇ ಸಹಿ! ಮುಖ ಅರಳಿತು.

"ಇಳಿಸಮ್ಮಾ, ಕೈಯಲ್ಲಿ ಹಿಡಿದು ಒಂದು ಫೋಟೋ ತೆಗೆಸಿಕೊಳ್ತೀನಿ."

"ಬೇಡಿ ಸ್ವಾಮಿ, ಅದನ್ನ ಮುಟ್ಟೋಕೆ ಭಯ."

"ಇಳಿಸು ಅಂದ್ರೆ ಇಳಿಸು!"

ಇಳಿಸಿ ಅವರ ಕೈಗೆ ಕೊಟ್ಟಳು. ಗೋಡೆಯಲ್ಲಿ ಅಂಗೈ ತೂರುವಷ್ಟು ಬಿರುಕು. ಅದರೊಳಗಿಂದ ಹೊರಗೆ ನಿಂತಿದ್ದ ಸಾಹೇಬರ ಜೀಪೇ ಕಂಡಿತು.

"ಅದಕ್ಕೇ ಬೇಡ ಅಂದೆ ಸ್ವಾಮಿ. ನಾಲ್ಕು ವರ್ಷದಿಂದ ಈ ಗೋಡೆ ನಿಂತಿರೋದೇ ನಿಮ್ಮ ಸಹಿ ಮೇಲೆ."

ಸಾಹೇಬರು ಆ ಕಟ್ಟನ್ನು ಯಾರಿಗಾದರೂ ಕೊಡಲು ಸುತ್ತ ನೋಡಿದರು. ಯಾರೂ ಇಸ್ಕೊಳ್ಳಲಿಲ್ಲ. ಕೊನೆಗೆ ಅದನ್ನೇ ತೊಡೆಯ ಮೇಲಿಟ್ಟುಕೊಂಡು ಬರೆದರು: "ಗೋಡೆ ಹೊಸದಾಗಿ ಕಟ್ಟತಕ್ಕದ್ದು."

ಮುಂದಿನ ವರ್ಷ ಗೋಡೆ ಎದ್ದಿತು, ಬಣ್ಣವೂ ಬಂತು. ಅಷ್ಟರಲ್ಲಿ ಹಳೇ ಗೋಡೆಗೆ ಹೆದರಿದ ತಾಯಂದಿರು ಮಕ್ಕಳನ್ನು ಪೇಟೆಯ ಶಾಲೆಗೆ ಸೇರಿಸಿಬಿಟ್ಟಿದ್ದರು. ಉಳಿದವರು ಐವರು.

ಪುಟ್ಟಸಿದ್ದಮ್ಮ ಅಭ್ಯಾಸದಂತೆ ನಲವತ್ತು ಮಕ್ಕಳಿಗೆ ಅಕ್ಕಿ ಅಳೆದಳು. ಆಮೇಲೆ ಒಂದೊಂದೇ ಪಾವು ಚೀಲಕ್ಕೆ ವಾಪಸ್ ಸುರಿದಳು.

"ವರ್ಷವರ್ಷ ಬಿರುಕಿನ ಮೇಲೆ ಭೂಪಟ ತೂಗುಹಾಕಿದ್ದೂ ಇದೇ ಕೈ ಅಲ್ವಾ," ಅಂದುಕೊಂಡಳು.