ಕೋರೆಯಣ್ಣ ಬಿಟ್ಟ ಕೆಸರು

ಮಕ್ಕಳೇ, ಕತೆ ಹೇಳುವುದು ನನಗೆ ಇದೇ ಮೊದಲು. ಎಲ್ಲಾದರೂ ಎಡವಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಬಿಡಿಸಿ ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ, ಅದನ್ನೂ ಸಹಿಸಿಕೊಳ್ಳಿ.

ಒಂದು ಕಾಡು. ಅದರ ನಡುವೆ ಒಂದು ಹಳ್ಳ. ಹಳ್ಳವೆಂದರೆ ಹೊಳೆಯ ತಂಗಿ ಎಂದುಕೊಳ್ಳಿ. ಮಳೆಗಾಲದಲ್ಲಿ ಕುಣಿಯುತ್ತದೆ, ಬೇಸಿಗೆಯಲ್ಲಿ ಸೊರಗುತ್ತದೆ. ಹಳ್ಳದ ಮೇಲ್ಭಾಗದಲ್ಲಿ ಕೋರೆಯಣ್ಣ ಎಂಬ ಕಾಡುಹಂದಿಯ ಸಂಸಾರವಿತ್ತು. ಕೆಳಗೆ, ನೀರು ಬಂದು ನಿಲ್ಲುವ ಆಳವಾದ ಮಡುವಿನಲ್ಲಿ ಚಿಪ್ಪಜ್ಜಿ ಎಂಬ ಮುದಿ ಆಮೆ ಇದ್ದಳು.

ಹಳ್ಳದ ನೀರನ್ನು ನೋಡಿಕೊಳ್ಳುವ ಹೊಣೆ ಚಿಪ್ಪಜ್ಜಿಯದು. ಆ ಹೊಣೆ ಹೊತ್ತವರು ಹಳ್ಳದ ಕೊನೆಯಲ್ಲೇ ವಾಸಿಸಬೇಕು, ದಿನದ ಮೊದಲ ಗುಟುಕನ್ನು ಅಲ್ಲೇ ಕುಡಿಯಬೇಕು ಎಂಬುದು ಅಲ್ಲಿಯ ಪದ್ಧತಿ. ಯಾಕೆ ಗೊತ್ತೇ? ಮೇಲಿನವರು ಏನೇ ಮಾಡಿದರೂ ಅದು ಬಂದು ಸೇರುವುದು ಅಲ್ಲಿಗೇ. ನೀರು ಕೆಟ್ಟರೆ ಮೊದಲು ಕೆಡುವುದು ಅವರದೇ ಹೊಟ್ಟೆ.

ಇನ್ನೊಂದು ಕಟ್ಟಳೆಯೂ ಇತ್ತು. ಕೆಸರಿನಲ್ಲಿ ಹೊರಳಾಡುವವರು ಹಳ್ಳಕ್ಕೆ ಇಳಿಯಬಾರದು. ಪಕ್ಕದಲ್ಲಿ ಗುಂಡಿ ತೋಡಿಕೊಳ್ಳಬೇಕು. ಕೆಸರು ತಳ ಸೇರುವವರೆಗೆ ಕಾದು, ನೀರನ್ನು ಜೊಂಡುಹುಲ್ಲಿನ ನಡುವೆ ಹಾಯಿಸಿ, ಆಮೇಲೆ ಹಳ್ಳಕ್ಕೆ ಬಿಡಬೇಕು. ಜೊಂಡು ಎಂದರೆ ನೀರಂಚಿನ ಎತ್ತರದ ಹುಲ್ಲು. ಕಸವನ್ನು ಜರಡಿಯ ಹಾಗೆ ಹಿಡಿದುಕೊಳ್ಳುತ್ತದೆ.

ಕೋರೆಯಣ್ಣನಿಗೆ ಕಾಯುವುದೆಂದರೆ ಮೈಯೆಲ್ಲ ಉರಿ. ಹೊರಳಾಡಿ ಎದ್ದವನೇ ಕೋರೆಯಿಂದ ಗುಂಡಿಯ ಒಡ್ಡನ್ನು ಒಡೆದ. ಕೆಂಪು ಕೆಸರು ನೇರವಾಗಿ ಹಳ್ಳಕ್ಕೆ ನುಗ್ಗಿತು.

ಚಿಪ್ಪಜ್ಜಿ ಏದುಸಿರು ಬಿಡುತ್ತಾ ಏರು ಹತ್ತಿ ಬಂದಳು.

"ಏನಜ್ಜಿ, ಈಗ ಬಂದೆಯಾ? ನನ್ನ ಕೆಸರು ಇಷ್ಟು ಹೊತ್ತಿಗೆ ಸಮುದ್ರ ಸೇರಿರುತ್ತದೆ!" ಎಂದು ಕೋರೆಯಣ್ಣ ನಕ್ಕ.

"ಒಡ್ಡು ಕಟ್ಟಪ್ಪಾ."

"ಯಾಕೆ? ಹರಿದು ಹೋದದ್ದು ಹೋಯಿತು. ಹೋದ ಮೇಲೆ ಅದು ನನ್ನದಲ್ಲ."

ಅಜ್ಜಿ ಜಗಳಕ್ಕೆ ನಿಲ್ಲಲಿಲ್ಲ. ಹೋಗಿ ಒಡೆದ ಜಾಗದಲ್ಲಿ ತಾನೇ ಕೂತಳು. ಅವಳ ಚಿಪ್ಪೇ ಒಡ್ಡಾಯಿತು. ಕೆಸರು ಇಳಿದು ನೀರು ತಿಳಿಯಾಗುವವರೆಗೆ ಅಲ್ಲಾಡಲಿಲ್ಲ. 'ಮುದುಕಿ ಗಟ್ಟಿಗಿತ್ತಿ' ಎಂದು ಕೋರೆಯಣ್ಣನಿಗೆ ಒಳಗೊಳಗೇ ಅನ್ನಿಸಿತು. ಆದರೂ ಅವಳು ಬೆನ್ನು ತಿರುಗಿಸಿದ್ದೇ ತಡ, ಮತ್ತೆ ಒಡೆದ. ಮರುದಿನವೂ ಒಡೆದ.

ಬೇಸಿಗೆ ಬಂತು. ಹಳ್ಳ ಬತ್ತುವುದು ಮೇಲಿನಿಂದಲೇ. ಕೋರೆಯಣ್ಣ ಹಸಿ ಮಣ್ಣು ಕೆದಕಿದ, ಬಂಡೆಯಡಿ ಮೂಗು ತೂರಿಸಿದ, ಒಂದು ಹನಿಯಿಲ್ಲ. ಮರಿಗಳ ನಾಲಿಗೆ ಒಣಗಿತ್ತು. ಅವನ್ನು ಕಟ್ಟಿಕೊಂಡು ಮಡುವಿಗೆ ಇಳಿದ.

ಮಡುವಿನಲ್ಲಿ ನೀರೇನೋ ಇತ್ತು, ಆದರೆ ಕೆಂಪಗೆ, ಗಂಜಿಯ ಹಾಗೆ ಮಂದವಾಗಿತ್ತು. ಹಿರಿಯ ಮಗಳು ಮೂತಿ ಇಟ್ಟವಳೇ ಹಿಂದೆ ಸರಿದಳು.

"ಅಪ್ಪಾ, ಈ ನೀರು ನಿನ್ನ ವಾಸನೆ ಹೊಡೆಯುತ್ತದೆ."

ದಡದಲ್ಲಿದ್ದ ಕಪ್ಪೆಗಳು ಕಿಸಕ್ಕೆಂದವು. ಕೋರೆಯಣ್ಣ ಮೂಸಿ ನೋಡಿದ. ಹೌದು, ಅವನದೇ ವಾಸನೆ. ಕೆಸರಿನಲ್ಲಿ ಅವನದೇ ಬಿರುಗೂದಲು ತೇಲುತ್ತಿತ್ತು. ಅದು ಸಮುದ್ರಕ್ಕೆ ಹೋಗಿರಲಿಲ್ಲ.

ಈಗ ಓಡಿಸುತ್ತಾಳೆ ಎಂದು ತಲೆ ತಗ್ಗಿಸಿ ನಿಂತ. ಚಿಪ್ಪಜ್ಜಿ ಓಡಿಸಲಿಲ್ಲ. "ಇದರಡಿ ಒಂದು ಒರತೆಯಿದೆ. ಕೆಸರು ಅದರ ಬಾಯಿ ಮುಚ್ಚಿದೆ. ನನ್ನ ಕೈಲಿ ತೋಡಲು ಆಗುತ್ತಿಲ್ಲ, ನಿನಗೆ ಗಟ್ಟಿ ಮೂತಿಯಿದೆ," ಎಂದಳು. ಒರತೆ ಎಂದರೆ ನೆಲದೊಳಗಿಂದ ನೀರು ಜಿನುಗುವ ಕಣ್ಣು.

ಕೋರೆಯಣ್ಣ ಇಳಿದ. ತೋಡಿದ, ಹೊತ್ತ, ದಡದಾಚೆ ಸುರಿದ. ಮೂತಿ ತರಚಿತು. ನಿಲ್ಲಿಸಲಿಲ್ಲ. ಕೊನೆಗೆ ತಳದಿಂದ ತಣ್ಣನೆಯ ತಿಳಿನೀರು ಗುಳುಗುಳು ಎಂದು ಉಕ್ಕಿತು. ಮರಿಗಳು ನುಗ್ಗಿದವು.

"ತಡೀರಿ! ಕೆಟ್ಟಿದ್ದರೆ ಮೊದಲು ನನ್ನ ಹೊಟ್ಟೆ ಹೇಳಲಿ," ಎಂದು ಅಜ್ಜಿ ಒಂದು ಗುಟುಕು ಕುಡಿದಳು. ಇನ್ನೊಂದು ಗುಟುಕು ಕುಡಿದು, ಪಕ್ಕಕ್ಕೆ ಸರಿದಳು. "ಈಗ ಕುಡೀರಿ. ಮರಿಗಳು ಮೊದಲು."

ಮೊದಲ ಮಳೆಗೆ ಕೋರೆಯಣ್ಣ ಮೇಲಕ್ಕೆ ಮರಳಿದ. ಒಡ್ಡು ಕಟ್ಟಿದ, ಜೊಂಡು ನೆಟ್ಟ, ಕಾಯುವುದನ್ನು ಕಲಿತ. ಯಾರೂ ಹೇಳದ ಒಂದು ಕೆಲಸವನ್ನೂ ಮಾಡಿದ. ಮೊದಲು ಅವನ ಮನೆಯವರು ನೀರು ಕುಡಿಯುತ್ತಿದ್ದುದು ಗುಂಡಿಯ ನೀರು ಹಳ್ಳ ಸೇರುವ ಜಾಗಕ್ಕಿಂತ ಮೇಲೆ. ಈಗ ಅದಕ್ಕಿಂತ ಕೆಳಗೆ, ತಾವು ಬಿಟ್ಟ ನೀರನ್ನೇ ಕುಡಿಯತೊಡಗಿದರು.

ಸುದ್ದಿ ಕೇಳಿ ಚಿಪ್ಪಜ್ಜಿ ಮತ್ತೆ ಏರು ಹತ್ತಿದಳು. ಅಲ್ಲೇ ಒಂದು ಗುಟುಕು ಕುಡಿದು ನೋಡಿದಳು.

"ಎಲಾ ಇವನ! ಇಷ್ಟು ವರ್ಷ ನನ್ನ ತಲೆಗೆ ಹೊಳೆಯದ್ದು ನಿನಗೆ ಹೊಳೆಯಿತಲ್ಲೋ. ಇನ್ನು ಮೇಲೆ ಹಳ್ಳದವರಿಗೆಲ್ಲ ಇದೇ ಕಟ್ಟಳೆ!"

ನೀತಿ: ನಾವು ಹರಿಯಬಿಟ್ಟ ನೀರು ಇನ್ನೊಬ್ಬರ ಕುಡಿಯುವ ನೀರು, ನಾವೇ ಕುಡಿಯಲಾರದ್ದನ್ನು ಕೆಳಗಿನವರಿಗೆ ಬಿಡಬಾರದು. ಕೆಳಗಿನವರು ಎಂದರೆ ಹಳ್ಳದ ಕೆಳಗಿನವರು ಮಾತ್ರವಲ್ಲ ಮಕ್ಕಳೇ, ನಮ್ಮ ಬಚ್ಚಲಿನ ನೀರು ಕೂಡ ಚರಂಡಿ ಸೇರಿ, ಚರಂಡಿಯಿಂದ ಕೆರೆಗೆ ಹೋಗಿ, ಆ ಕೆರೆಯಿಂದ... ತಾಳಿ, ಒಳಗಿಂದ ಕೂಗುತ್ತಿದ್ದಾರೆ, ನಲ್ಲಿಯಲ್ಲಿ ನೀರು ಬಂತಂತೆ, ಬಿಂದಿಗೆ ಹಿಡಿಯಬೇಕು, ಆ ಕೆರೆಯಿಂದಲೇ ನಮ್ಮ ನಲ್ಲಿಗೆ... ಬಂದೆ, ಬಂದೆ!