ನಕ್ಷೆಗಾರ ಎಳೆಯದೆ ಬಿಟ್ಟ ಗೆರೆ

“ಗುರುಗಳೇ, ನಾನು ಸುಳ್ಳು ಹೇಳಿಲ್ಲ. ಗೊತ್ತಿದ್ದ ಒಂದು ಮಾತನ್ನು ಹೇಳದೆ ಬಿಟ್ಟೆ, ಅಷ್ಟೇ. ಅದೂ ತಪ್ಪಾಗುತ್ತದೆಯೇ?” ಎಂದು ಶಿಷ್ಯನೊಬ್ಬ ಕೇಳಿದ.

ಆ ಮಾತು ಯಾವುದೆಂದು ಗುರುಗಳು ವಿಚಾರಿಸಲಿಲ್ಲ. ಒಂದು ಕತೆ ಹೇಳಿದರು.

ಅಮೆರಿಕದಲ್ಲಿ ರೈಲು ಹೊಸದಾಗಿ ಬಂದಿದ್ದ ಕಾಲ. ಒಂದೊಂದು ಸೀಮೆಯಲ್ಲೂ ನಾಲ್ಕೈದು ಸಣ್ಣ ಕಂಪನಿಗಳಿದ್ದವು. ಪ್ರತಿಯೊಂದಕ್ಕೂ ತನ್ನದೇ ಹಳಿ, ತನ್ನದೇ ನಿಲ್ದಾಣ, ತನ್ನದೇ ನಕ್ಷೆ. ಕಂಪನಿಯವರು ತಮ್ಮ ದಾರಿಯನ್ನು ದಪ್ಪ ಗೆರೆಯಲ್ಲಿ, ಇರುವುದಕ್ಕಿಂತ ನೇರವಾಗಿ ಬರೆಸುತ್ತಿದ್ದರು. ಎದುರಾಳಿಯ ದಾರಿಯನ್ನು ಎಷ್ಟೋ ಸಲ ಬರೆಸುತ್ತಲೇ ಇರಲಿಲ್ಲ.

ಅಂಥ ಒಂದು ಕಂಪನಿಯಲ್ಲಿ ಒಬ್ಬ ನಕ್ಷೆಗಾರನಿದ್ದ. ಇಡೀ ಸೀಮೆಯನ್ನು ನಡೆದು ಅಳೆದವನು. ಅವನ ಮೊದಲ ನಕ್ಷೆಯಲ್ಲಿ ಎದುರು ಕಂಪನಿಯ ದಾರಿಯೂ ಇತ್ತು. ಮೇಲಧಿಕಾರಿ ಅದನ್ನು ನೋಡಿ, “ಎದುರಂಗಡಿಗೆ ನಾವೇ ಬೋರ್ಡು ಬರೆದುಕೊಡಬೇಕೇನಯ್ಯ?” ಎಂದು ನಕ್ಕ. ನಕ್ಷೆಗಾರನೂ ನಕ್ಕು ಇನ್ನೊಂದು ಹಾಳೆ ತೆಗೆದುಕೊಂಡು, ಆ ದಾರಿಯನ್ನು ಬಿಟ್ಟು ಬರೆದ. ಆದರೆ ತನ್ನ ಕಂಪನಿಯ ದಾರಿಯ ಒಂದು ತಿರುವನ್ನೂ ಅವನು ನೇರ ಮಾಡಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು.

ಆ ಕಂಪನಿಯಿದ್ದ ಊರಿನಲ್ಲೇ ಬಟ್ಟೆ ಹೊಲಿಯುವ ಒಬ್ಬ ಹೆಂಗಸಿದ್ದಳು. ಅವಳ ಗಂಡ ದೂರದಲ್ಲಿ ಮರ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವನ ಮೇಲೆ ದಿಮ್ಮಿ ಉರುಳಿತು, ಕೂಡಲೇ ಬರಬೇಕು ಎಂದು ತಂತಿ ಬಂತು. ಅವಳು ಆ ನಕ್ಷೆಯನ್ನು ನೋಡಿ, ಕಾರ್ಖಾನೆಗೆ ಎಲ್ಲಕ್ಕಿಂತ ಹತ್ತಿರದ ನಿಲ್ದಾಣಕ್ಕೆ ಟಿಕೆಟ್ ತೆಗೆದುಕೊಂಡಳು. ಹನ್ನೊಂದು ಗಂಟೆಗೆ ಇಳಿದಳು. ಅಲ್ಲಿಂದ ಹನ್ನೊಂದು ಮೈಲಿ ನಡೆದಳು. ತಲುಪಿದಾಗ ನಾಲ್ಕು ಗಂಟೆ. ಗಂಡ ಎರಡು ಗಂಟೆಗೆ ತೀರಿಹೋಗಿದ್ದ. ಅಲ್ಲಿಯವರೆಗೂ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದನಂತೆ.

ಶವವನ್ನು ಊರಿಗೆ ತರಲು ಕಾರ್ಖಾನೆಯ ಹಿಂದೆಯೇ ರೈಲು ಹತ್ತಿಸಿದರು. ಅಲ್ಲೊಂದು ನಿಲ್ದಾಣವಿದೆ ಎಂದು ಅವಳಿಗೆ ಗೊತ್ತಾದದ್ದು ಆಗ. ಅದು ಎದುರು ಕಂಪನಿಯದು. ಊರಿನಿಂದ ಬೆಳಿಗ್ಗೆ ಹೊರಡುವ ಅವರ ಗಾಡಿ ದಿನವೂ ಹನ್ನೆರಡಕ್ಕೆ ಅಲ್ಲಿಗೆ ಬರುತ್ತಿತ್ತು.

ಹದಿನೈದು ದಿನದ ನಂತರ ಅವಳು ನಕ್ಷೆಗಾರನ ಬಳಿಗೆ ಹೋಗಿ ನಡೆದದ್ದನ್ನು ಹೇಳಿದಳು.

“ಕೇಳಿ ನೋವಾಯಿತಮ್ಮ. ಆದರೆ ಈ ನಕ್ಷೆಯಲ್ಲಿ ಒಂದೇ ಒಂದು ಸುಳ್ಳು ಗೆರೆ ಇದ್ದರೆ ತೋರಿಸಿ” ಎಂದ ಅವನು.

“ಇಲ್ಲಪ್ಪ. ಹನ್ನೊಂದು ಮೈಲಿ ಅಂದರೆ ಹನ್ನೊಂದೇ ಇತ್ತು. ನಾನು ಜಗಳಕ್ಕೆ ಬಂದಿಲ್ಲ. ಬರುವ ವಾರ ನಮ್ಮ ಅತ್ತೆ ಬರುತ್ತಾರೆ. ಮಗ ಕೊನೆಯದಾಗಿ ಮಲಗಿದ್ದ ಜಾಗ ನೋಡಬೇಕಂತೆ. ಅವರ ಕೈಲಿ ಅಷ್ಟು ನಡೆಯಲಾಗದು. ಇನ್ನೊಂದು ದಾರಿಯನ್ನು ಇದರಲ್ಲಿ ಎಳೆದುಕೊಡಿ.”

ನಕ್ಷೆಗಾರ ಲೇಖನಿ ತೆಗೆದುಕೊಂಡ. ಬೇರೆ ಹಾಳೆ ನೋಡಲಿಲ್ಲ, ಅಳತೆಪಟ್ಟಿ ಮುಟ್ಟಲಿಲ್ಲ. ಹೊಳೆ ದಾಟುವ ಜಾಗ, ಎರಡು ತಿರುವು, ಕಾರ್ಖಾನೆಯ ಹಿಂದಿನ ನಿಲ್ದಾಣ, ಒಂದೂ ತಪ್ಪದಂತೆ ಎಳೆದ.

ಶಾಯಿ ಒಣಗುವವರೆಗೆ ಅವಳು ಕಾದಳು. “ನಿಮಗೆ ಬಾಯಿಪಾಠವೇ ಇತ್ತು” ಎಂದು ನಕ್ಷೆ ಮಡಿಚಿಕೊಂಡು ಹೊರಟಳು.

ಗುರುಗಳು ಅಷ್ಟಕ್ಕೇ ನಿಲ್ಲಿಸಿದರು. ಶಿಷ್ಯ, “ಆಮೇಲೆ ಆ ನಕ್ಷೆಗಾರ ಏನು ಮಾಡಿದ?” ಎಂದು ಕೇಳಿದ.

ಗುರುಗಳು, “ನೀನು ಯಾರಿಗೆ ಹೇಳದೆ ಬಿಟ್ಟೆಯೋ, ಅವರು ಈಗ ಎಷ್ಟು ದೂರ ನಡೆದಿದ್ದಾರೆ?” ಎಂದರು.